ಗ್ಲೌಸ್ ಹಾಕಿಕೊಂಡವರಿಗೆ ಕೈ ತೊಳೆಯಿರಿ ಅನ್ನಬಹುದಾ?

ನೀವು ಕೇಳಿದ್ದು ಇಷ್ಟು. ಅಪ್ಪ ಅಂಗಳದ ಪಾಚಿ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಕಾರವಾರದಲ್ಲಿ ಆಪರೇಷನ್ ಆಗಿ 5 ದಿನ ಆಯ್ತು. ಮೂತ್ರಕ್ಕೆ ಹಾಕಿದ ಟ್ಯೂಬ್ ಇನ್ನೂ ತೆಗೆದಿಲ್ಲ. ನರ್ಸ್ ಒಬ್ಬರು ಪಕ್ಕದ ಹಾಸಿಗೆಯವರ ಕೆಲಸ ಮುಗಿಸಿ, ಅದೇ ಗ್ಲೌಸ್‌ನಲ್ಲಿ ಅಪ್ಪನ ಹತ್ತಿರ ಬಂದರು. ಹೇಳಬೇಕಾ? ಹೇಳಿದರೆ ಬೇಜಾರು ಮಾಡಿಕೊಳ್ತಾರಾ? ಜೊತೆಗಿರುವ ನಾನು ಏನು ಮಾಡಬಹುದು?

ಹೇಳಿ. ಖಂಡಿತ ಹೇಳಿ. ನಾನು ಶಿರಸಿ ಕಡೆಯವಳು, 14 ವರ್ಷದಿಂದ ಸ್ಟಾಫ್ ನರ್ಸ್. ನಾನೂ ಇದೇ ತಪ್ಪು ಮಾಡಿದ್ದೇನೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ರಾತ್ರಿ ಪಾಳಿ. ಒಂದೇ ಗ್ಲೌಸ್ ಹಾಕಿಕೊಂಡು ಮೂರು ಹಾಸಿಗೆಯವರ ಮೂತ್ರದ ಚೀಲ ಖಾಲಿ ಮಾಡಿದೆ. ನನ್ನ ಕೈ ಸ್ವಚ್ಛ ಇದೆಯಲ್ಲ ಅಂತ ಧೈರ್ಯ. ದೂರದಿಂದ ನೋಡುತ್ತಿದ್ದ ಹಿರಿಯ ಸಿಸ್ಟರ್ ಆಗ ಏನೂ ಅನ್ನಲಿಲ್ಲ. ಮಾರನೇ ದಿನ ಖಾಲಿ ಇದ್ದ ಎರಡು ಹಾಸಿಗೆಗೆ ಬಿಳಿ ಶೀಟ್ ಹಾಸಿಸಿದರು. ನನ್ನ ಗ್ಲೌಸ್‌ನ ಬೆರಳ ತುದಿಗೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಅರಿಶಿನ ಹಚ್ಚಿ, "ಇಲ್ಲಿ ಪೇಷಂಟ್ ಇದ್ದಾರೆ ಅಂದ್ಕೊ, ದಿನಾ ಮಾಡೋ ಕೆಲಸ ಎಲ್ಲ ಮಾಡು" ಅಂದರು. ಮಾಡಿದೆ. ಆಮೇಲೆ ನೋಡಿದರೆ ಮಂಚದ ಕಂಬಿ, ಡ್ರಿಪ್ ತಿರುಗಿಸುವ ಚಕ್ರ, ಬಿಪಿ ಪಟ್ಟಿ, ಕೇಸ್ ಶೀಟಿನ ಮೂಲೆ, ದಿಂಬು, ಎಲ್ಲದರ ಮೇಲೂ ಹಳದಿ. ಎರಡನೇ ಹಾಸಿಗೆ ಮೇಲೂ ಇತ್ತು. ನನ್ನ ಕೆನ್ನೆ ಮೇಲೂ ಇತ್ತು. ಯಾವಾಗ ಕೆನ್ನೆ ಮುಟ್ಟಿಕೊಂಡೆ ಅಂತ ನನಗೇ ಗೊತ್ತಿರಲಿಲ್ಲ. ಗ್ಲೌಸ್ ಒಳಗಿನ ಕೈ ಮಾತ್ರ ಹಾಗೇ ಸ್ವಚ್ಛ ಇತ್ತು.

ಅದಕ್ಕೇ ಒಬ್ಬರಿಗೆ ಬಳಸಿದ ಗ್ಲೌಸ್ ಆ ಹಾಸಿಗೆ ಹತ್ತಿರವೇ ಬಿಚ್ಚಿ ಹಾಕಬೇಕು. ಬಿಚ್ಚಿದ ಮೇಲೂ ಕೈ ತೊಳೆಯಬೇಕು. ಗ್ಲೌಸ್‌ನಲ್ಲಿ ಕಣ್ಣಿಗೆ ಕಾಣದ ತೂತು ಇರಬಹುದು, ಬಿಚ್ಚುವಾಗ ಹೊರಮೈ ಕೈಗೆ ತಾಗಬಹುದು.

ಬೇಜಾರು ಮಾಡಿಕೊಳ್ತಾರಾ ಅನ್ನೋದು ಹಳೇ ಪ್ರಶ್ನೆ. 1847ರಲ್ಲಿ ವಿಯೆನ್ನಾದ ದೊಡ್ಡ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಬಾಣಂತಿಯರು ಜ್ವರ ಬಂದು ಸಾಯುತ್ತಿದ್ದರು. ಆ ಏಪ್ರಿಲ್‌ನಲ್ಲಿ ನೂರಕ್ಕೆ 18 ಜನ. ಸೆಮ್ಮೆಲ್‌ವೈಸ್ ಎಂಬ ಡಾಕ್ಟರ್ ಗಮನಿಸಿದ್ದು, ಡಾಕ್ಟರುಗಳು ಹೆಣ ಕೊಯ್ದು ಅದೇ ಕೈಯಲ್ಲಿ ಹೆರಿಗೆ ಮಾಡಿಸುತ್ತಿದ್ದಾರೆ ಅಂತ. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕು ಎಂದು ನಿಯಮ ಮಾಡಿದರು. ಜೂನ್ ಹೊತ್ತಿಗೆ ಸಾವು ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು. ಅಷ್ಟಾದರೂ ದೊಡ್ಡ ಡಾಕ್ಟರುಗಳು ಅನೇಕರು ಒಪ್ಪಲಿಲ್ಲ. ನಮ್ಮ ಕೈ ಕೊಳೆ ಅಂತೀಯಾ ಅನ್ನೋ ಸಿಟ್ಟು. ಆ ಸಿಟ್ಟು ಇವತ್ತೂ ಅಲ್ಲಲ್ಲಿ ಇದೆ, ಸುಳ್ಳು ಹೇಳಲ್ಲ. ಆದರೆ ಹೆಚ್ಚಿನ ಸಲ ನಮ್ಮ ತಪ್ಪಿಗೆ ಕಾರಣ ಸುಸ್ತು. ರಾತ್ರಿ ಇಬ್ಬರೇ ಇರುತ್ತೇವೆ, ಸ್ಯಾನಿಟೈಸರ್ ವಾರ್ಡಿನ ಬಾಗಿಲ ಹತ್ತಿರ ಇರುತ್ತದೆ, ಕರೆಯುವ ದನಿ ಆ ತುದಿಯಿಂದ ಬರುತ್ತದೆ. ಪ್ರತಿ ಹಾಸಿಗೆ ಪಕ್ಕ ಒಂದು ಬಾಟಲಿ ಇಟ್ಟ ವಾರ್ಡಿನಲ್ಲಿ ಯಾರೂ ಹೇಳದೆಯೇ ನಾವು ಜಾಸ್ತಿ ಸಲ ಕೈ ಉಜ್ಜುತ್ತೇವೆ. ನಾನು ಕಣ್ಣಾರೆ ಕಂಡಿದ್ದೇನೆ.

ಹಾಗಾಗಿ ಮೆತ್ತಗೆ ಹೇಳಿ. "ಸಿಸ್ಟರ್, ಅಪ್ಪನ ಟ್ಯೂಬ್ ಮುಟ್ಟೋಕೆ ಮುಂಚೆ ಬೇರೆ ಗ್ಲೌಸ್ ಹಾಕ್ಕೊಳ್ತೀರಾ?" ಅಂದರೆ ಸಾಕು. ಒಂದು ಸಲ ಮೀನು ಮಾರುವ ಅಮ್ಮ ಒಬ್ಬರು ನನಗೇ ಹೇಳಿದ್ದರು, "ಆ ಹಾಸಿಗೆಯಿಂದ ಬಂದ್ಯಲ್ಲ ತಂಗಿ, ಕೈ ತೊಳ್ಕೊಂಡು ಬಾ." ಎಲ್ಲರ ಎದುರಿಗೆ ಮುಖ ಬಿಸಿಯಾಯಿತು. ಅವರು ಹೇಳಿದ್ದು ಸರಿ ಇತ್ತು, ಹೋಗಿ ತೊಳೆದುಕೊಂಡು ಬಂದೆ.

ಈಗ ನಿಮ್ಮ ಕೈ ವಿಷಯ. ಇದನ್ನು ಸ್ವಲ್ಪ ಜಾಸ್ತಿಯೇ ಹೇಳ್ತೇನೆ. ನಮ್ಮ ಕಡೆ ಆಸ್ಪತ್ರೆಗಳಲ್ಲಿ ರೋಗಿಯನ್ನು ನರ್ಸ್‌ಗಿಂತ ಹೆಚ್ಚು ಮುಟ್ಟುವುದು ಜೊತೆಗಿರುವವರು. ಮಗ್ಗುಲು ಬದಲಿಸುವುದು, ಗಂಜಿ ಕುಡಿಸುವುದು, ಬೆಡ್‌ಪ್ಯಾನ್ ಇಡುವುದು, ಚೀಲ ತುಂಬಿದರೆ ಖಾಲಿ ಮಾಡುವುದು, ಎಲ್ಲ ನೀವೇ. ಆದರೂ ನಾವು ನಿಮಗೆ ಹೇಳಿಕೊಡುವುದು ತೀರಾ ಕಡಿಮೆ. ಅದು ನಮ್ಮ ತಪ್ಪು.

ಮೂತ್ರದ ಚೀಲ ಯಾವಾಗಲೂ ಅಪ್ಪನ ಹೊಟ್ಟೆಗಿಂತ ಕೆಳಗೆ ತೂಗಾಡಬೇಕು, ನೆಲಕ್ಕೆ ತಾಗಬಾರದು. ಎಕ್ಸ್‌ರೇಗೆ ಕರೆದುಕೊಂಡು ಹೋಗುವಾಗ ಚೀಲವನ್ನು ಅಪ್ಪನ ಎದೆ ಮೇಲೆ ಇಟ್ಟುಬಿಡ್ತಾರೆ, ಆಗ ಮೂತ್ರ ಹಿಂದಕ್ಕೆ ಹರಿಯುತ್ತದೆ. ಖಾಲಿ ಮಾಡಲು ಅಪ್ಪನಿಗೇ ಅಂತ ಒಂದು ಪ್ಲಾಸ್ಟಿಕ್ ಜಗ್ ಇಟ್ಟುಕೊಳ್ಳಿ. ಪಕ್ಕದವರು ಕೇಳಿದರೆ ದಯವಿಟ್ಟು ಕೊಡಬೇಡಿ, ಅವರದನ್ನು ನೀವೂ ತರಬೇಡಿ. ಒಂದೇ ಜಗ್ ಹಾಸಿಗೆಯಿಂದ ಹಾಸಿಗೆಗೆ ಹೋದರೆ ಸೋಂಕೂ ಅದರ ಜೊತೆಗೇ ಹೋಗುತ್ತದೆ. ಚೀಲದ ನಳಿಕೆ ಜಗ್ಗಿಗೆ ತಾಗದ ಹಾಗೆ ಹಿಡಿಯಿರಿ. ಮಾಡುವ ಮೊದಲೊಮ್ಮೆ, ಮಾಡಿದ ಮೇಲೊಮ್ಮೆ ಕೈ ತೊಳೆಯಿರಿ.

ಸ್ಯಾನಿಟೈಸರ್ ಅಂಗೈ ತುಂಬ ತಗೊಳ್ಳಿ. ಬೆರಳ ತುದಿ, ಬೆರಳ ಸಂದಿ, ಹೆಬ್ಬೆರಳು, ಇವನ್ನೇ ಎಲ್ಲರೂ ಬಿಡುವುದು. 20ರಿಂದ 30 ಸೆಕೆಂಡ್ ಉಜ್ಜಿ, ತಾನಾಗಿ ಒಣಗಲಿ. ಸೆರಗಿಗೋ ಹೆಗಲ ಮೇಲಿನ ಟವೆಲ್ಲಿಗೋ ಒರೆಸಿದರೆ ಮಾಡಿದ್ದೆಲ್ಲ ಹೋಯ್ತು. ಕೈಗೆ ಕೊಳೆ ಕಾಣುತ್ತಿದ್ದರೆ, ಅಥವಾ ವಾರ್ಡಿನಲ್ಲಿ ಯಾರಿಗಾದರೂ ಭೇದಿ ಇದ್ದರೆ ಸೋಪು ನೀರೇ ಬೇಕು. ಭೇದಿ ತರುವ ಕೆಲವು ರೋಗಾಣು ಸ್ಯಾನಿಟೈಸರ್‌ಗೆ ಸಾಯುವುದಿಲ್ಲ.

ನೋಡಲು ಬರುವವರನ್ನು ಬೇಡ ಅನ್ನುವುದು ನಮ್ಮ ಕಡೆ ಕಷ್ಟ, ಗೊತ್ತು. ಒಂದು ಜೀಪಿನಲ್ಲಿ ಏಳು ಜನ ಬರ್ತಾರೆ. ನಮ್ಮ ಘಟ್ಟದ ಮೇಲಿನ ಮನೆಗಳಲ್ಲಿ ನೆಂಟರು ಬಂದರೆ ಮೊದಲು ಕೈಕಾಲಿಗೆ ನೀರು, ಆಮೇಲೆ ಆಸರಿಗೆ, ಅಂದರೆ ಕುಡಿಯಲು, ಏನು ಬೇಕು ಅಂತ ಕೇಳುವುದು. ಆಸ್ಪತ್ರೆಯಲ್ಲೂ ಹಾಗೇ ಮಾಡಿ. ಬಂದವರ ಕೈಗೆ ಮೊದಲು ಸ್ಯಾನಿಟೈಸರ್ ಹಾಕಿ, ಆಮೇಲೆ ಅಪ್ಪನ ಹತ್ತಿರ ಬಿಡಿ. ಯಾರೂ ತಪ್ಪು ತಿಳಿಯಲ್ಲ. ಹಾಸಿಗೆ ಮೇಲೆ ಮಾತ್ರ ಕೂರಿಸಬೇಡಿ, ಆಪರೇಷನ್ ಜಾಗದ ಪಟ್ಟಿಯನ್ನು ಎತ್ತಿ ನೋಡಲು ಬಿಡಬೇಡಿ.

ಅಪ್ಪ ಇದಕ್ಕೂ ಮುಂಚೆ ಹುಬ್ಬಳ್ಳಿ, ಮಣಿಪಾಲ, ಗೋವಾ ಅಂತ ಬೇರೆ ಕಡೆ ಐಸಿಯುನಲ್ಲಿ ಇದ್ದಿದ್ದರೆ ಡಾಕ್ಟರಿಗೆ ತಿಳಿಸಿ. ಔಷಧಿಗೆ ಬಗ್ಗದ ರೋಗಾಣು ಅಲ್ಲಿಂದ ಜೊತೆಗೆ ಬಂದಿರಬಹುದು, ಆ್ಯಂಟಿಬಯಾಟಿಕ್ ಆರಿಸಲು ಅದು ಗೊತ್ತಿರಬೇಕು.

ಕೊನೆಗೆ, ಆ ಟ್ಯೂಬ್. 5 ದಿನ ಆಗಿದೆ ಅಂದಿರಿ. ಒಂದೊಂದು ದಿನ ಜಾಸ್ತಿ ಇದ್ದಷ್ಟೂ ಸೋಂಕಿನ ಸಾಧ್ಯತೆ ಏರುತ್ತದೆ. ನೀವೇ ಎಳೆಯಲು ಹೋಗಬೇಡಿ, ಟ್ಯೂಬ್ ಜಾರದಂತೆ ಹಿಡಿದಿಡುವ ಬಲೂನ್ ಒಳಗೆ ಇರುತ್ತದೆ. ನಾಳೆ ಬೆಳಿಗ್ಗೆ ಡಾಕ್ಟರ್ ರೌಂಡ್ಸಿಗೆ ಬಂದಾಗ, "ಸರ್, ಇದು ಇನ್ನೂ ಬೇಕಾ?" ಅಂತ ಕೇಳಿ. ಬೇಕು ಅಂದರೆ ಯಾಕೆ ಅಂತ ಹೇಳ್ತಾರೆ. ನಾಡಿದ್ದು ಮತ್ತೆ ಕೇಳಿ.