ಜೀರ್ಣವೇ ಆಗದ ನಾರಿಗೂ ರೋಗನಿರೋಧಕ ಶಕ್ತಿಗೂ ಏನು ಸಂಬಂಧ?

ನಿಮ್ಮ ಪ್ರಶ್ನೆ ಇಷ್ಟು: ಊರು ಮದ್ದೂರಿನ ಹತ್ತಿರ, ಕೆಲಸ ಮೈಸೂರಿನಲ್ಲಿ, ಊಟ ಪಿಜಿಯಲ್ಲಿ. ಒಂದು ವರ್ಷದಿಂದ ಮೇಲಿಂದ ಮೇಲೆ ಶೀತ, ಹೊಟ್ಟೆಯೂ ಸರಿಯಿಲ್ಲ. ಡಾಕ್ಟರು "ನಾರಿರುವ ಪದಾರ್ಥ ಜಾಸ್ತಿ ತಿನ್ನಿ, ಇಮ್ಯುನಿಟಿಗೂ ಒಳ್ಳೆಯದು" ಅಂದಿದ್ದಾರೆ. ನಾರು ಜೀರ್ಣವೇ ಆಗುವುದಿಲ್ಲವಲ್ಲ, ಅದು ರೋಗ ಹೇಗೆ ತಡೆಯುತ್ತದೆ? ಸುಮ್ನೆ ಪ್ರೋಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ) ಮಾತ್ರೆ ತಗೊಂಡರೆ ಸಾಲದಾ?

ನಾನು ಮಂಡ್ಯದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಈ ಪಾಠ ಬಂದಾಗ ಮಕ್ಕಳಿಗೆ ಮೊದಲು ನೆನಪಿಸುವುದು ಮನೆಯ ಕೊಟ್ಟಿಗೆಯನ್ನು. ಹಸು ಬರೀ ಹುಲ್ಲು ತಿಂದು ಅಷ್ಟು ದೊಡ್ಡ ಮೈ ಬೆಳೆಸುತ್ತದೆ, ಹಾಲೂ ಕೊಡುತ್ತದೆ, ಅಲ್ವಾ? ಆದರೆ ಹುಲ್ಲಿನ ನಾರನ್ನು ಅರಗಿಸುವ ಶಕ್ತಿ ಹಸುವಿಗೂ ಇಲ್ಲ. ಅದರ ಹೊಟ್ಟೆಯ ಮೊದಲ ಚೀಲದಲ್ಲಿರುವ ಬ್ಯಾಕ್ಟೀರಿಯಾಗಳು ನಾರನ್ನು ಹುಳಿಸಿ ಸಣ್ಣ ಸಣ್ಣ ಆಮ್ಲಗಳಾಗಿ ಮಾಡುತ್ತವೆ. ಹಸು ಬದುಕುವುದು ಹೆಚ್ಚಾಗಿ ಆ ಆಮ್ಲಗಳ ಮೇಲೆ.

ನಮ್ಮ ದೊಡ್ಡ ಕರುಳಿನಲ್ಲೂ ಇದೇ ಕೆಲಸ ಚಿಕ್ಕದಾಗಿ ನಡೆಯುತ್ತದೆ. ಅನ್ನದ ಪಿಷ್ಟ, ಸಕ್ಕರೆ ಬಹುಪಾಲು ಸಣ್ಣ ಕರುಳಿನಲ್ಲೇ ರಕ್ತಕ್ಕೆ ಸೇರಿಹೋಗುತ್ತವೆ. ಕೆಳಗಿನವರೆಗೆ ಉಳಿದು ಬರುವುದು ನಾರು. ಅಲ್ಲಿ ಅದಕ್ಕಾಗಿ ಕಾದಿರುವ ಬ್ಯಾಕ್ಟೀರಿಯಾಗಳ ಸಂಖ್ಯೆ ಸುಮಾರು 38 ಲಕ್ಷ ಕೋಟಿ ಅಂತ 2016ರಲ್ಲಿ ಲೆಕ್ಕ ಹಾಕಿದ್ದಾರೆ. ನಮ್ಮ ಮೈಯಲ್ಲಿರುವ ಜೀವಕೋಶಗಳೂ ಹೆಚ್ಚುಕಡಿಮೆ ಅಷ್ಟೇ. ಈ ಜೀವಿಗಳೆಲ್ಲ ಸೇರಿ ತೂಗಿದರೆ 200 ಗ್ರಾಂ ಆಗಬಹುದು. ರಾತ್ರಿ ಇಟ್ಟ ಇಡ್ಲಿ ಹಿಟ್ಟು ಬೆಳಗ್ಗೆ ಹುಳಿ ಬಂದು ಉಬ್ಬಿರುತ್ತದಲ್ಲ, ಇವು ನಾರಿಗೆ ಮಾಡುವುದೂ ಅದನ್ನೇ. ಹುಳಿಯೂ ಬರುತ್ತದೆ, ಗಾಳಿಯೂ ಬರುತ್ತದೆ. ಆ ಹುಳಿಯಲ್ಲಿ ಮುಖ್ಯವಾದವು ಮೂರು: ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್. ನಿಮ್ಮ ಪ್ರಶ್ನೆಗೆ ಉತ್ತರ ಹೆಚ್ಚಾಗಿ ಇರುವುದು ಬ್ಯುಟಿರೇಟ್‌ನಲ್ಲಿ.

ದೊಡ್ಡ ಕರುಳಿನ ಒಳಗೋಡೆ ಎಷ್ಟು ದಪ್ಪ ಗೊತ್ತಾ? ಒಂದೇ ಸಾಲು ಜೀವಕೋಶ. ಆ ಕಡೆ ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಾ, ಈ ಕಡೆ ನಮ್ಮ ರಕ್ತ. ನಡುವೆ ಆ ಒಂದು ಸಾಲು, ಅದರ ಮೇಲೆ ಲೋಳೆಯ ಒಂದು ಪದರ. ಗೋಡೆಯ ಜೀವಕೋಶಗಳಿಗೆ ಮುಖ್ಯ ಆಹಾರವೇ ಬ್ಯುಟಿರೇಟ್. ನಮ್ಮ ರೋಗನಿರೋಧಕ ಜೀವಕೋಶಗಳ ದೊಡ್ಡ ಪಾಲು ಬೀಡುಬಿಟ್ಟಿರುವುದು ಈ ಗೋಡೆಯ ಹಿಂದೆಯೇ. ಯಾವುದು ಶತ್ರು, ಯಾವುದು ಊಟ, ಯಾವುದು ಜೊತೆಗಿದ್ದು ಬದುಕುವ ಜೀವಿ ಅಂತ ಅವು ಕಲಿಯುವುದೂ ಇಲ್ಲೇ. ಒಂದು ಬ್ಯಾಕ್ಟೀರಿಯಾವೂ ಇಲ್ಲದ ಹಾಗೆ ಬೆಳೆಸಿದ ಇಲಿಗಳಲ್ಲಿ ಈ ವ್ಯವಸ್ಥೆ ಸರಿಯಾಗಿ ಬೆಳೆಯುವುದೇ ಇಲ್ಲ.

ಬ್ಯುಟಿರೇಟ್‌ಗೆ ಇನ್ನೊಂದು ಕೆಲಸವಿದೆ. ರೋಗನಿರೋಧಕ ಪಡೆಯಲ್ಲಿ ಹೊಡೆದಾಡುವ ಜೀವಕೋಶಗಳ ಜೊತೆಗೆ "ಸಾಕು, ನಿಲ್ಲಿಸಿ" ಅನ್ನುವ ಜೀವಕೋಶಗಳೂ ಇವೆ. ಅವನ್ನು ರೆಗ್ಯುಲೇಟರಿ ಟಿ ಕೋಶ ಅನ್ನುತ್ತಾರೆ. ಬ್ಯುಟಿರೇಟ್ ಸಿಕ್ಕರೆ ಕರುಳಿನಲ್ಲಿ ಇವು ಹೆಚ್ಚುತ್ತವೆ ಅಂತ 2013ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿದವು. ಅದಕ್ಕೇ ನನಗೆ "ಇಮ್ಯುನಿಟಿ ಹೆಚ್ಚಿಸಿಕೊಳ್ಳಿ" ಅನ್ನುವ ಮಾತು ಹಿಡಿಸುವುದಿಲ್ಲ. ಸುಮ್ಮನೆ ಹೆಚ್ಚಾದ ರೋಗನಿರೋಧಕ ಶಕ್ತಿ ನಮ್ಮ ಮೈಯನ್ನೇ ಸುಡುತ್ತದೆ. ಬೇಕಾದಾಗ ಏಳಬೇಕು, ಕೆಲಸ ಮುಗಿದ ಮೇಲೆ ತಣ್ಣಗಾಗಬೇಕು. ನಾರು ಸಹಾಯ ಮಾಡುವುದು ಈ ಹದಕ್ಕೆ.

ನಾರು ಸಿಗದಿದ್ದರೆ ಏನಾಗುತ್ತದೆ? ಇದನ್ನು ಓದಿದ ದಿನ ನನಗೆ ಗಾಬರಿಯೇ ಆಯಿತು. ಮನುಷ್ಯರ ಕರುಳಿನ ಬ್ಯಾಕ್ಟೀರಿಯಾಗಳನ್ನು ಇಲಿಗಳ ಹೊಟ್ಟೆಗೆ ಸೇರಿಸಿ, ಊಟದಲ್ಲಿ ನಾರು ತೆಗೆದು ನೋಡಿದರು. ಇದು 2016ರಲ್ಲಿ ಪ್ರಕಟವಾದ ಪ್ರಯೋಗ. ಹಸಿದ ಬ್ಯಾಕ್ಟೀರಿಯಾಗಳು ಸಾಯುತ್ತಾ ಕೂರಲಿಲ್ಲ, ಗೋಡೆಯ ಮೇಲಿನ ಲೋಳೆಯನ್ನೇ ತಿನ್ನತೊಡಗಿದವು. ಪದರ ತೆಳ್ಳಗಾಯಿತು. ಆಮೇಲೆ ರೋಗ ತರುವ ಒಂದು ಬ್ಯಾಕ್ಟೀರಿಯಾ ಬಿಟ್ಟಾಗ, ನಾರು ತಿಂದಿದ್ದ ಇಲಿಗಳಿಗಿಂತ ಇವುಗಳ ಕಾಯಿಲೆ ಬಹಳ ಜೋರಾಗಿತ್ತು.

ನಮ್ಮ ಮನೆಯಲ್ಲಿ ಅವ್ವ ರಾಗಿ ತೊಳೆದು, ಚಾಪೆ ಮೇಲೆ ಒಣಗಿಸಿ, ಮಿಷನ್‌ಗೆ ಕಳಿಸುತ್ತಿದ್ದರು. ಅದು ಇಂಡಾಫ್ ರಾಗಿ. ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲೇ ವಿಜ್ಞಾನಿ ಲಕ್ಷ್ಮಣಯ್ಯನವರು ಇಲ್ಲಿನ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಬೆಳೆಸಿದ ತಳಿ. ಹಿಟ್ಟು ಬಂದ ಮೇಲೆ ಅವ್ವ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಜರಡಿ ಹಿಡಿದು ಕೂರುತ್ತಿದ್ದರು. ಮುದ್ದೆ ನುಣ್ಣಗೆ ಬರಬೇಕು, ನೆಂಟರ ಮುಂದೆ ಒರಟಾಗಿರಬಾರದು. ಜರಡಿಯಲ್ಲಿ ಉಳಿದ ಕಂದು ಹೊಟ್ಟನ್ನು ಕಲಗಚ್ಚಿಗೆ ಹಾಕಿದರೆ ಹಸು ಬಾನಿ ನೆಕ್ಕಿ ಖಾಲಿ ಮಾಡುತ್ತಿತ್ತು. ಜೀವಶಾಸ್ತ್ರ ಓದಿದ ಮೇಲೆ ನನಗೆ ಆ ಜರಡಿ ನೆನಪಾಗಿ ಸಂಕಟವಾಗುತ್ತದೆ. ಕರುಳಿನ ಜೀವಿಗಳ ಊಟವನ್ನು ನಾವೇ ಕೈಯಾರೆ ಬೇರೆ ಮಾಡುತ್ತಿದ್ದೆವು. ಈಗ ನಮ್ಮ ಮನೆಯಲ್ಲಿ ಜರಡಿ ಹಿಡಿಯುವುದಿಲ್ಲ.

ಲೆಕ್ಕ ನೋಡಿ. ಇಡೀ ರಾಗಿ ಹಿಟ್ಟು 100 ಗ್ರಾಂ ತಗೊಂಡರೆ ಅದರಲ್ಲಿ ಸುಮಾರು 11 ಗ್ರಾಂ ನಾರು. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ದೊಡ್ಡವರಿಗೆ ದಿನಕ್ಕೆ ಕಡೇಪಕ್ಷ 25 ಗ್ರಾಂ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಊರಲ್ಲಿ ಮುದ್ದೆ, ಬಸ್ಸಾರು, ಹುರುಳಿಕಾಳು, ಅವರೆಕಾಳು ತಿಂದವರಿಗೆ ಇದು ಕಷ್ಟವೇ ಅಲ್ಲ. ಬೆಳಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಮೈದಾ ಪರೋಟ ಆದರೆ ಎಲ್ಲಿಂದ ಬರಬೇಕು?

ಮಾತ್ರೆ ವಿಷಯಕ್ಕೆ ಬರುತ್ತೇನೆ. ಹೊರಗಿನಿಂದ ಬಂದ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಅಲ್ಲೇ ನೆಲೆ ನಿಲ್ಲುವುದಿಲ್ಲ, ಹಾದು ಹೋಗುತ್ತವೆ. ಡಾಕ್ಟರು ಬರೆದುಕೊಟ್ಟರೆ ತಗೊಳ್ಳಿ. ಊಟಕ್ಕೆ ಬದಲಾಗಿ ಮಾತ್ರೆ ಬೇಡ. ಮಜ್ಜಿಗೆ, ಮೊಸರು ಮಾತ್ರ ಬಿಡಬೇಡಿ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 36 ಜನರನ್ನು ಎರಡು ಗುಂಪು ಮಾಡಿ 10 ವಾರ ನೋಡಿದ ಅಧ್ಯಯನ 2021ರಲ್ಲಿ ಬಂತು. ಮೊಸರಿನಂಥ ಹುದುಗಿದ ಆಹಾರ ತಿಂದ ಗುಂಪಿನ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ಬಗೆಗಳು ಹೆಚ್ಚಿದವು, ರಕ್ತದಲ್ಲಿ ಉರಿಯೂತ ತೋರಿಸುವ 19 ಪ್ರೋಟೀನ್‌ಗಳು ಇಳಿದವು. ಬರೀ ನಾರು ಹೆಚ್ಚಿಸಿದ ಗುಂಪಿನಲ್ಲಿ ಅಷ್ಟು ಬೇಗ ಹಾಗೆ ಆಗಲಿಲ್ಲ. ನಾರನ್ನು ತಿನ್ನುವ ಜೀವಿಗಳು ಮೊದಲೇ ಕಡಿಮೆ ಇದ್ದರೆ ನಿಧಾನವಾಗುತ್ತದೆ ಅನ್ನುವುದು ನನ್ನ ಅನಿಸಿಕೆ. ಆದ್ದರಿಂದ ಎರಡೂ ಇರಲಿ. ತಂಗಳು ಮುದ್ದೆಯನ್ನು ಮಜ್ಜಿಗೆಗೆ ಕಿವುಚಿಕೊಂಡು ಹೊಲಕ್ಕೆ ಹೋಗುತ್ತಿದ್ದ ನಮ್ಮ ತಾತನ ಊಟದಲ್ಲಿ ಎರಡೂ ಇದ್ದವು. ಬೇಯಿಸಿ ಆರಿದ ಪಿಷ್ಟದಲ್ಲಿ ಒಂದು ಪಾಲು ಗಟ್ಟಿಯಾಗಿ, ನಾರಿನ ಹಾಗೆಯೇ ದೊಡ್ಡ ಕರುಳಿಗೆ ತಲುಪುತ್ತದೆ.

ಇನ್ನೊಂದು ವಿನಂತಿ. ಶೀತಕ್ಕೆ ನೀವೇ ಮೆಡಿಕಲ್ ಸ್ಟೋರಿನಿಂದ ಆಂಟಿಬಯಾಟಿಕ್ ತಂದು ನುಂಗಬೇಡಿ. ಶೀತ ವೈರಸ್‌ನಿಂದ ಬರುವುದು, ಅದಕ್ಕೆ ಆ ಮಾತ್ರೆ ನಾಟುವುದಿಲ್ಲ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಮಾತ್ರ ಸಾಯುತ್ತವೆ. ನಾನೊಮ್ಮೆ ಹೀಗೆ ಮಾಡಿ ವಾರಗಟ್ಟಲೆ ಭೇದಿ ಅನುಭವಿಸಿದ್ದೇನೆ.

ನಾರು ಹೆಚ್ಚಿಸಿದ ವಾರಕ್ಕೇ ಶೀತ ನಿಲ್ಲುತ್ತದೆ ಅಂತ ನಾನು ಹೇಳಲಾರೆ. ತಿಂಗಳುಗಳ ಕೆಲಸ ಅದು. ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರ ಗ್ಯಾರಂಟಿ, ಆದ್ದರಿಂದ ಸ್ವಲ್ಪ ಸ್ವಲ್ಪ ಮಾಡಿ, ನೀರು ಚೆನ್ನಾಗಿ ಕುಡಿಯಿರಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ಮೊದಲು ಡಾಕ್ಟರಿಗೆ ಹೇಳಿ.

ಸಂಜೆ ದೇವರಾಜ ಮಾರುಕಟ್ಟೆ ಕಡೆ ಹೋದರೆ ಸೀಬೆಹಣ್ಣು ತನ್ನಿ, ಬೀಜ ಸಮೇತ ತಿನ್ನಿ. ಊರಿಗೆ ಹೋದಾಗ ಜರಡಿ ಹಿಡಿಯದ ಹಿಟ್ಟು ಕಟ್ಟಿಸಿಕೊಂಡು ಬನ್ನಿ. ಪಿಜಿಯಲ್ಲಿ ಮುದ್ದೆ ತಿರುವುವುದು ಆಗದ ಮಾತು, ಅಂಬಲಿ ಆಗುತ್ತದೆ. ಎರಡು ಚಮಚ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದೆ ಕದಡಿ, ಕುದಿಯುವ ನೀರಿಗೆ ಬಿಟ್ಟು ತಿರುವುತ್ತಾ ಇರಿ. ಬಣ್ಣ ಗಾಢವಾಗಿ ಹೊಳಪು ಬಂದಾಗ ಇಳಿಸಿ, ಪೂರ್ತಿ ಆರಿದ ಮೇಲೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿ ಕುಡಿಯಿರಿ.