ಪುಕ್ಕಟೆ ಕೊಟ್ಟಿದ್ದರ ಪಕ್ಕದಲ್ಲಿ ಏನಿಟ್ಟಿದೀರಿ?

ನಮಸ್ಕಾರ ಮೇಡಂ. ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲ ಸಲ ಬೇಜಾರಾಯ್ತು, ಎರಡನೇ ಸಲ ಅಷ್ಟು ಆಗ್ಲಿಲ್ಲ, ಯಾಕಂದ್ರೆ ನೀವು ಕೇಳಿದ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದ ಒಂದು ಮೂಲೇಲೇ ಇತ್ತು. ಅದಕ್ಕೆ ಆಮೇಲೆ ಬರ್ತೀನಿ.

ಬೇರೆ ಓದುಗರಿಗೂ ಗೊತ್ತಾಗ್ಲಿ ಅಂತ ಪತ್ರದ ವಿಷಯ ಇಲ್ಲೇ ಹೇಳಿಬಿಡ್ತೀನಿ. ನೀವು ನಾಲ್ಕು ವರ್ಷದಿಂದ ಎಕ್ಸೆಲ್ ಕಲಿಸೋ ಪಾಠ ಮಾಡ್ತಾ ಇದೀರಿ, ಮೂರು ಪಿಡಿಎಫ್ ಪುಸ್ತಕ, ಜೊತೆಗೆ ವಿಡಿಯೋಗಳು, ಎಲ್ಲಾ ಪುಕ್ಕಟೆ. ಡೌನ್‌ಲೋಡ್ ಸಾವಿರಗಟ್ಟಲೆ, ಹೊಗಳಿಕೆ ಬೇಕಾದಷ್ಟು, ಕೈಗೆ ಬಂದಿದ್ದು ಸೊನ್ನೆ. ಒಬ್ಬ ಗೆಳತಿ "ಎಲ್ಲದಕ್ಕೂ ಬೀಗ ಹಾಕು, ದುಡ್ಡು ಕೊಟ್ಟೋರಿಗೆ ಮಾತ್ರ ತೆಗಿ" ಅಂತಾರೆ, ಇನ್ನೊಬ್ರು "ಕೊಡ್ತಾನೇ ಇರು, ಹೆಸರು ಬಂದ್ಮೇಲೆ ದುಡ್ಡು ತಾನಾಗೇ ಬರುತ್ತೆ" ಅಂತಾರೆ. ಜನ ಮಾತ್ರ ದಿನಾ ಈಮೇಲ್ ಮಾಡಿ "ನಮ್ಮ ಫೈಲ್ ಸ್ವಲ್ಪ ಸರಿ ಮಾಡಿಕೊಡಿ" ಅಂತ ಜೀವ ತಿಂತಾರೆ. "ಒಂದು ಕಾಪಿ ಜಾಸ್ತಿ ಹೋದ್ರೆ ನನಗೇನು ಖರ್ಚು ಅಂದ್ಕೊಂಡು ಶುರು ಮಾಡಿದ್ದು, ಇದು ವ್ಯಾಪಾರಾನಾ ದಡ್ಡತನಾನಾ ಹೇಳಿ" ಅಂತ ಕೇಳಿದೀರಿ.

ದಡ್ಡತನ ಖಂಡಿತ ಅಲ್ಲ, ಆದ್ರೆ ಸದ್ಯಕ್ಕೆ ವ್ಯಾಪಾರಾನೂ ಅಲ್ಲ. ನೀವು ಮಾಡ್ತಿರೋದು ದಾನ. ದಾನ ಅಂದ್ರೆ ಕೀಳು ಅಂತ ನಾನು ಹೇಳ್ತಿಲ್ಲ, ವಿಕಿಪೀಡಿಯ ನಿಂತಿರೋದೇ ದಾನದ ಮೇಲೆ, ಬರೆಯೋರು ತಮ್ಮ ಸಮಯ ಕೊಡ್ತಾರೆ, ಸರ್ವರ್ ಖರ್ಚಿಗೆ ಓದೋರು ದೇಣಿಗೆ ಕೊಡ್ತಾರೆ, ಪ್ರಪಂಚಕ್ಕೆ ಅದರಿಂದ ಆಗಿರೋ ಉಪಕಾರ ಎಷ್ಟು ದೊಡ್ಡದು. ಆದ್ರೆ ದಾನ ಅಂತ ಗೊತ್ತಿದ್ದೇ ಕೊಟ್ರೆ ಮನಸ್ಸಿಗೆ ಸಮಾಧಾನ ಇರುತ್ತೆ. ವ್ಯಾಪಾರ ಅಂದ್ಕೊಂಡು ದಾನ ಮಾಡ್ತಾ ಹೋದ್ರೆ ಕೊನೆಗೆ ಓದುಗರ ಮೇಲೇ ಸಿಟ್ಟು ಬರೋಕೆ ಶುರುವಾಗುತ್ತೆ, ನಿಮ್ಮ ಪತ್ರದಲ್ಲಿ ಆ ಸಿಟ್ಟಿನ ವಾಸನೆ ನನಗೆ ಬಂತು.

ಕಾಪಿಗೆ ಖರ್ಚಿಲ್ಲ ಅನ್ನೋ ಮಾತು ಸುಳ್ಳಲ್ಲ. ಎರಡನೇ ಕಾಪಿಗೂ ಹತ್ತು ಸಾವಿರದ ಕಾಪಿಗೂ ಹೆಚ್ಚು ಕಮ್ಮಿ ಏನೂ ತಗಲೋದಿಲ್ಲ. ಖರ್ಚೆಲ್ಲಾ ಕೂತಿರೋದು ಮೊದಲನೇ ಕಾಪಿ ಒಳಗೆ, ನಿಮ್ಮ ನಾಲ್ಕು ವರ್ಷದ ಸಂಜೆಗಳು ಹೋಗಿರೋದು ಅಲ್ಲೇ. 1984ರಲ್ಲಿ ಹ್ಯಾಕರ್‌ಗಳ (ಕಳ್ಳರಲ್ಲ, ಪ್ರೋಗ್ರಾಂ ಬರೆಯೋ ಗೀಳಿನವರ) ಒಂದು ಸಮ್ಮೇಳನದಲ್ಲಿ ಸ್ಟೂವರ್ಟ್ ಬ್ರಾಂಡ್ ಅನ್ನೋ ಅಮೆರಿಕದ ಲೇಖಕರು ಒಂದು ಮಾತು ಹೇಳಿದ್ರು, ಮಾಹಿತಿ ಪುಕ್ಕಟೆ ಆಗೋಕೆ ಹಾತೊರೆಯುತ್ತೆ ಅಂತ ಜನ ಇವತ್ತಿಗೂ ಹೇಳ್ತಾರಲ್ಲ, ಅದು. ಆದ್ರೆ ಅದು ಅರ್ಧ ಮಾತು. ಅವರು ಅದೇ ಉಸಿರಲ್ಲಿ ಮಾಹಿತಿಗೆ ದುಬಾರಿ ಆಗೋ ಆಸೇನೂ ಇದೆ ಅಂದಿದ್ರು, ಸರಿಯಾದ ಜಾಗದಲ್ಲಿ ಸರಿಯಾದ ಮಾಹಿತಿ ಸಿಕ್ರೆ ಒಬ್ಬರ ಬದುಕೇ ಬದಲಾಗುತ್ತೆ, ಅದಕ್ಕೇ ಅದು ದುಬಾರಿ, ಇವೆರಡೂ ಒಂದಕ್ಕೊಂದು ಜಗಳ ಆಡ್ತಾನೇ ಇರುತ್ತೆ ಅಂತ. ನಿಮ್ಮಿಬ್ಬರು ಸ್ನೇಹಿತರು ಆ ಮಾತನ್ನ ಅರ್ಧರ್ಧ ಹಂಚಿಕೊಂಡು ಕೂತಿದಾರೆ ಅನ್ಸುತ್ತೆ.

ಸೊನ್ನೆ ಅನ್ನೋ ಬೆಲೆ ಬರೀ ಕಮ್ಮಿ ಬೆಲೆ ಅಲ್ಲ, ಅದರ ಜಾತಿನೇ ಬೇರೆ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ, ಒಂದು ಒಳ್ಳೆ ಚಾಕೊಲೇಟ್‌ನ 15 ಸೆಂಟ್‌ಗೆ, ಒಂದು ಸಾದಾ ಚಾಕೊಲೇಟ್‌ನ 1 ಸೆಂಟ್‌ಗೆ ಇಟ್ಟಾಗ ಕೊಂಡವರಲ್ಲಿ ಮುಕ್ಕಾಲು ಪಾಲು ಜನ ಒಳ್ಳೇದನ್ನೇ ತಗೊಂಡ್ರು. ಎರಡರ ಬೆಲೆನೂ ಒಂದೊಂದೇ ಸೆಂಟ್ ಇಳಿಸಿದ್ರು, ಒಳ್ಳೇದು 14, ಸಾದಾದು ಪುಕ್ಕಟೆ. ಬೆಲೆಯ ಅಂತರ ಅಷ್ಟೇ ಇದ್ರೂ ಜನ ತಿರುಗಿಬಿಟ್ರು, ಸುಮಾರು ಮೂರರಲ್ಲಿ ಎರಡು ಪಾಲು ಜನ ಪುಕ್ಕಟೆದಕ್ಕೆ ಕೈ ಚಾಚಿದ್ರು. ಪುಕ್ಸಟ್ಟೆ ಸಿಕ್ರೆ ನಂಗೊಂದು ನಮ್ಮಪ್ಪಂಗೊಂದು ಅಂತ ನಮ್ಮ ಹಿರಿಯರು ಪ್ರಯೋಗ ಇಲ್ಲದೇನೇ ಹೇಳಿದ್ರು. ಹಾಗಾಗಿ ನಿಮ್ಮ ಸಾವಿರಾರು ಡೌನ್‌ಲೋಡ್ ನೋಡಿ ಹಿಗ್ಗಬೇಡಿ, ಕುಗ್ಗಲೂಬೇಡಿ. ಅದರಲ್ಲಿ ಎಷ್ಟು ಜನ ಫೈಲ್ ತೆರೆದ್ರು, ಎಷ್ಟು ಜನ ಮೂರನೇ ಪಾಠದ ತನಕ ಬಂದ್ರು ಅನ್ನೋದು ಆ ಸಂಖ್ಯೇಲಿ ಇಲ್ಲ. ಪುಕ್ಕಟೆ ತಗೊಂಡೋರಲ್ಲಿ ಯಾರೂ ದುಡ್ಡು ಕೊಡಲ್ಲ ಅಂತಾನೂ ಅದು ಹೇಳಲ್ಲ, ನೀವು ಇನ್ನೂ ಕೇಳೇ ಇಲ್ಲವಲ್ಲ.

ಇನ್ನು ಪುಕ್ಕಟೆ ಕೊಟ್ಟು ಗೆದ್ದವರ ವಿಷಯ. ಇಷ್ಟು ವರ್ಷದಲ್ಲಿ ನಾನು ನೋಡಿದ ಪ್ರತಿಯೊಂದು ಕಡೆನೂ ಪುಕ್ಕಟೆ ಸರಕಿನ ಪಕ್ಕದಲ್ಲಿ ಕಾಪಿ ಮಾಡೋಕಾಗದ ಇನ್ನೊಂದು ಏನೋ ಇತ್ತು, ಪುಕ್ಕಟೆ ಎಷ್ಟು ಹರಡುತ್ತೋ ಅಷ್ಟು ಅದಕ್ಕೆ ಬೇಡಿಕೆ ಏರ್ತಿತ್ತು. ನೀವು ಬಳಸೋ ಪಿಡಿಎಫ್‌ನೇ ತಗೊಳ್ಳಿ. 1993ರಲ್ಲಿ ಅಡೋಬಿ ಕಂಪನಿ ಅದನ್ನ ತಂದಾಗ ಬರೀ ಓದೋ ಸಾಫ್ಟ್‌ವೇರ್‌ಗೂ 50 ಡಾಲರ್ ಕೇಳ್ತಿದ್ರು, ಓದೋಕೂ ದುಡ್ಡು ಅಂದ್ರೆ ಯಾರು ತಗೋತಾರೆ? ಬೇಗನೇ ರೀಡರ್‌ನ ಪುಕ್ಕಟೆ ಮಾಡಿದ್ರು, ಎಲ್ಲರ ಕಂಪ್ಯೂಟರ್‌ಗೂ ಅದು ಹೋಯ್ತು, ಎಲ್ಲರೂ ಓದಬಲ್ಲರು ಅಂದ್ಮೇಲೆ ಪಿಡಿಎಫ್ ತಯಾರು ಮಾಡೋ ಸಾಫ್ಟ್‌ವೇರ್‌ಗೆ ಆಫೀಸುಗಳು ದುಡ್ಡು ಕೊಟ್ವು. ರೆಡ್ ಹ್ಯಾಟ್ ಅನ್ನೋ ಸಾಫ್ಟ್‌ವೇರ್ ಕಂಪನಿ ಕಥೆನೂ ಇದೇ ಥರ. ಕಂಪ್ಯೂಟರ್ ನಡೆಸೋ ಲಿನಕ್ಸ್ ಅನ್ನೋ ಸಾಫ್ಟ್‌ವೇರ್‌ನ ಯಾರು ಬೇಕಾದ್ರೂ ಇಳಿಸ್ಕೋಬಹುದು, ಆದ್ರೆ ರಾತ್ರಿ ಎರಡು ಗಂಟೆಗೆ ಸರ್ವರ್ ಕೆಟ್ರೆ ಫೋನ್ ಎತ್ತೋಕೆ ಒಬ್ರು ಬೇಕು, ಕಂಪನಿಗಳು ರೆಡ್ ಹ್ಯಾಟ್‌ಗೆ ದುಡ್ಡು ಕೊಟ್ಟಿದ್ದು ಆ ಭರವಸೆಗೆ. 2019ರಲ್ಲಿ ಐಬಿಎಂ ರೆಡ್ ಹ್ಯಾಟ್‌ನ ಕೊಂಡಿದ್ದು ಸುಮಾರು 34 ಬಿಲಿಯನ್ ಡಾಲರ್‌ಗೆ.

ಒಬ್ಬೊಬ್ಬರೇ ಕೆಲಸ ಮಾಡೋ ನಿಮ್ಮಂಥೋರಿಗೆ ಇನ್ನೂ ಹತ್ತಿರದ ಉದಾಹರಣೆ ಸಂಗೀತದ್ದು. 2008ರಲ್ಲಿ ನೈನ್ ಇಂಚ್ ನೇಲ್ಸ್ ಅನ್ನೋ ಬ್ಯಾಂಡ್ 36 ಟ್ರ್ಯಾಕ್‌ನ ಒಂದು ಸಂಗ್ರಹ ಬಿಟ್ರು. ಮೊದಲ 9 ಟ್ರ್ಯಾಕ್ ಪುಕ್ಕಟೆ, ಪೂರ್ತಿ ಬೇಕಂದ್ರೆ 5 ಡಾಲರ್, ಸಿಡಿ ಬೇಕಂದ್ರೆ 10, ದೊಡ್ಡ ಪೆಟ್ಟಿಗೆ ಬೇಕಂದ್ರೆ 75, ಕೊನೇಲಿ ಸಹಿ ಹಾಕಿದ, 2,500 ಮಾತ್ರ ಮಾಡಿದ ಒಂದು ಆವೃತ್ತಿ, ಅದಕ್ಕೆ 300 ಡಾಲರ್. ಆ 2,500 ಕೆಲವೇ ದಿನದಲ್ಲಿ ಖಾಲಿ. ಗುಣಿಸಿ ನೋಡಿ, ಅದೊಂದರಿಂದಲೇ ಏಳೂವರೆ ಲಕ್ಷ ಡಾಲರ್. ಒಂದೇ ಸಂಗೀತ, ಐದು ಮೆಟ್ಟಿಲು, ಸುಮ್ನೆ ಕುತೂಹಲಕ್ಕೆ ಬಂದವನಿಗೂ ಜಾಗ, ಪ್ರಾಣ ಬಿಡೋ ಅಭಿಮಾನಿಗೂ ಜಾಗ. ನಿಮ್ಮ ಹತ್ರ ಈಗಿರೋದು ಮೊದಲ ಮೆಟ್ಟಿಲು ಮಾತ್ರ, ಅಲ್ಲಿಂದ ಮೇಲೆ ಹತ್ತಬೇಕು ಅನ್ನೋರಿಗೆ ನೀವು ದಾರಿನೇ ಇಟ್ಟಿಲ್ಲ.

ಇಲ್ಲಿ ಒಂದು ಎಚ್ಚರಿಕೆ. 2007ರಲ್ಲಿ ರೇಡಿಯೋಹೆಡ್ ಬ್ಯಾಂಡ್ ತಮ್ಮ ಆಲ್ಬಂಗೆ ಎಷ್ಟು ಬೇಕಾದ್ರೂ ಕೊಡಿ, ಕೊಡದೇನೂ ತಗೊಳ್ಳಿ ಅಂತ ಬಿಟ್ಟಾಗ ಪ್ರಪಂಚವೆಲ್ಲಾ ಮಾತಾಡ್ತು, ಬಹಳ ಜನ ಏನೂ ಕೊಡದೇ ಇಳಿಸ್ಕೊಂಡ್ರು, ಆಮೇಲೆ ಅದೇ ಆಲ್ಬಂ ಸಿಡಿಯಾಗಿ ಬಂದಾಗ ಅಮೆರಿಕ, ಬ್ರಿಟನ್ ಎರಡೂ ಕಡೆ ಪಟ್ಟಿಯಲ್ಲಿ ಮೊದಲನೇ ಸ್ಥಾನಕ್ಕೆ ಹೋಯ್ತು. ನಿಮ್ಮ ಎರಡನೇ ಸ್ನೇಹಿತರು ತೋರಿಸೋದು ಇಂಥದ್ದನ್ನೇ. ಆದ್ರೆ ಆ ಬ್ಯಾಂಡ್‌ಗೆ ಅಷ್ಟೊತ್ತಿಗಾಗ್ಲೇ ಹದಿನೈದು ವರ್ಷದ ಹೆಸರಿತ್ತು, ಅವರದ್ದೇ 2011ರ ಆಲ್ಬಂ ಬಂದಿದ್ದು ನಿಗದಿ ಬೆಲೆಗೆ. ಹೆಸರಿದ್ದೋರು ಪುಕ್ಕಟೆ ಕೊಟ್ರೆ ಸುದ್ದಿ ಆಗುತ್ತೆ, ಹೆಸರು ಇಲ್ಲದೋರು ಕೊಟ್ರೆ ಅದು ಪುಕ್ಕಟೆ ಇರೋ ಲಕ್ಷಾಂತರದಲ್ಲಿ ಇನ್ನೊಂದು.

ಹಾಗಾದ್ರೆ ಮೊದಲ ಗೆಳತಿ ಹೇಳೋ ಹಾಗೆ ಎಲ್ಲದಕ್ಕೂ ಬೀಗ ಹಾಕೋದಾ? ನಾವು ಹಾಕಿ ನೋಡಿದೀವಿ. ನಮ್ಮ ಪತ್ರಿಕೆಯ ಡಿಜಿಟಲ್ ಆವೃತ್ತಿಗೆ ಒಂದು ಸಲ ಪೂರ್ತಿ ಬೀಗ ಹಾಕಿದ್ವಿ. ಇದ್ದ ಚಂದಾದಾರರು ಉಳಿದ್ರು, ಆದ್ರೆ ಹೊಸಬರು ಬರೋದೇ ನಿಂತುಹೋಯ್ತು, ಯಾಕಂದ್ರೆ ನಾವು ಏನು ಬರೀತೀವಿ ಅಂತ ಹೊಸಬರಿಗೆ ಗೊತ್ತಾಗೋ ದಾರಿನೇ ಇರ್ಲಿಲ್ಲ. ಹಂಚಿಕೊಂಡ ಲೇಖನ ತೆರೆದ್ರೆ ಬಾಗಿಲು ಮುಚ್ಚಿದೆ ಅಂತ ಬರ್ತಿತ್ತು, ಒಂದೆರಡು ಸಲ ನೋಡಿ ಆಮೇಲೆ ಜನ ಹಂಚೋದನ್ನೇ ಬಿಟ್ರು. ಈಗ ಒಂದಷ್ಟು ತೆರೆದಿಟ್ಟು, ಮತ್ತೆ ಮತ್ತೆ ಬರೋರಿಗೆ ಚಂದಾ ಕೇಳ್ತೀವಿ. ನ್ಯೂಯಾರ್ಕ್ ಟೈಮ್ಸ್ 2011ರಲ್ಲಿ ಮಾಡಿದ್ದೂ ಇದನ್ನೇ, ತಿಂಗಳಿಗೆ 20 ಲೇಖನ ಪುಕ್ಕಟೆ, ಆಮೇಲೆ ಚಂದಾ, ಮಾರನೇ ವರ್ಷ ಆ 20ನ್ನ 10ಕ್ಕೆ ಇಳಿಸಿದ್ರು, 2023ರ ಕೊನೆ ಹೊತ್ತಿಗೆ ಅವರ ಚಂದಾದಾರರು ಒಂದು ಕೋಟಿ ದಾಟಿದ್ರು. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಮಾತ್ರ ವೆಬ್‌ಸೈಟ್‌ಗೆ ಬೀಗವೇ ಹಾಕದೆ, ಇಷ್ಟ ಆದ್ರೆ ಸಹಾಯ ಮಾಡಿ ಅಂತ ಪ್ರತಿ ಲೇಖನದ ಕೆಳಗೆ ಕೇಳ್ತಾ ಬಂತು, ಕೊಡೋರೂ ಸಿಕ್ಕಿದ್ರು. ದಾರಿ ಎರಡು, ಆದ್ರೆ ಇಬ್ರೂ ಕೇಳಿದಾರೆ ನೋಡಿ, ಕೇಳದೇ ಯಾರೂ ಕೊಟ್ಟಿಲ್ಲ.

ನಿಮ್ಮ ವಿಡಿಯೋಗಳ ವಿಷಯಕ್ಕೆ ಬಂದ್ರೆ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ. ನೀವು ಪುಕ್ಕಟೆ ಕೊಡ್ತಿದೀನಿ ಅಂದ್ಕೊಂಡಿದೀರಿ, ಆದ್ರೆ ಅಲ್ಲಿ ವ್ಯಾಪಾರ ನಡೀತಿದೆ, ಮಾಡ್ತಿರೋರು ಬೇರೆಯವರು. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಬೇಕಂದ್ರೆ 1,000 ಸಬ್‌ಸ್ಕ್ರೈಬರ್ ಇರಬೇಕು, ಜೊತೆಗೆ ಒಂದು ವರ್ಷದಲ್ಲಿ 4,000 ಗಂಟೆ ಜನ ನೋಡಿರಬೇಕು, ಇಲ್ಲಾಂದ್ರೆ ಶಾರ್ಟ್ಸ್ ಅನ್ನೋ ಪುಟ್ಟ ವಿಡಿಯೋಗಳಲ್ಲಿ ಭಾರಿ ವೀಕ್ಷಣೆ ಬಂದಿರಬೇಕು. ಅದನ್ನ ಮುಟ್ಟಿದೋರಿಗೆ ದೊಡ್ಡ ವಿಡಿಯೋಗಳ ಜಾಹೀರಾತಿನಲ್ಲಿ 55 ಪರ್ಸೆಂಟ್. ಮುಟ್ಟದೇ ಇರೋರ ವಿಡಿಯೋ ಮೇಲೂ 2020ರ ಕೊನೆಯಿಂದ ಅವರು ಜಾಹೀರಾತು ಹಾಕಬಹುದು, ಮಾಡಿದೋರಿಗೆ ಏನೂ ಕೊಡಬೇಕಾಗಿಲ್ಲ. ಇದು ಗುಟ್ಟೇನಲ್ಲ, ಅವರ ನಿಯಮದಲ್ಲೇ ಇದೆ. ಬಿಡಿ ಅಂತ ಹೇಳ್ತಿಲ್ಲ, ಹೊಸ ಜನ ಸಿಗೋದು ಅಲ್ಲೇ. ಆದ್ರೆ ಅಲ್ಲಿ ಸಿಕ್ಕೋರು ನಿಮ್ಮ ಓದುಗರು ಅಂತ ಲೆಕ್ಕಕ್ಕೆ ತಗೋಬೇಡಿ. ನಾವೂ ಒಂದು ಜಾಲತಾಣದಲ್ಲಿ ವರ್ಷಗಟ್ಟಲೆ ಎಲ್ಲಾ ಲೇಖನ ಹಾಕಿ ದೊಡ್ಡ ಬಳಗ ಕಟ್ಟಿದ್ವಿ, ಒಂದಿನ ಅವರು ಯಾರಿಗೆ ಏನು ತೋರಿಸಬೇಕು ಅನ್ನೋ ಲೆಕ್ಕ ಬದಲಾಯಿಸಿದ್ರು, ಬಳಗ ಹಾಗೇ ಇದೆ, ಲೇಖನ ಮಾತ್ರ ಯಾರಿಗೂ ತಲುಪ್ತಿಲ್ಲ. ಅಷ್ಟು ಜನರಲ್ಲಿ ಒಬ್ಬರ ಈಮೇಲ್ ಕೂಡ ನಮ್ಮ ಹತ್ರ ಇರ್ಲಿಲ್ಲ. ಆ ವಾರ ಆಫೀಸಿನಲ್ಲಿ ಯಾರ ಮುಖದಲ್ಲೂ ಕಳೆ ಇರ್ಲಿಲ್ಲ.

ಈಗ ಇನ್ನೊಂದು ಸೇರ್ಕೊಂಡಿದೆ. 2024ರ ಮೇ ತಿಂಗಳಿಂದ ಗೂಗಲ್ ಹುಡುಕಾಟದಲ್ಲೇ ಎಐ ಬರೆದ ಉತ್ತರ ಮೇಲೆ ಬರೋಕೆ ಶುರುವಾಗಿದೆ. ಎಕ್ಸೆಲ್‌ನ ವಿಲುಕಪ್ (VLOOKUP) ಸೂತ್ರ ಹೇಗೆ ಹಾಕೋದು ಅಂತ ಕೇಳಿದೋರಿಗೆ ಅಲ್ಲೇ ಉತ್ತರ ಸಿಕ್ಕಿಬಿಟ್ರೆ ನಿಮ್ಮ ಪಾಠದ ತನಕ ಯಾಕೆ ಬರ್ತಾರೆ? ಪುಕ್ಕಟೆ ಬರಹ ಜಾಹೀರಾತಿನ ಹಾಗೆ ಕೆಲಸ ಮಾಡುತ್ತೆ ಅನ್ನೋ ವಾದ ನಿಂತಿರೋದು ಓದೋರು ನಿಮ್ಮ ಬಾಗಿಲಿಗೆ ಬರ್ತಾರೆ ಅನ್ನೋದರ ಮೇಲೆ, ಬರದಿದ್ರೆ ಆ ವಾದ ಅಲ್ಲಿಗೇ ಬಿತ್ತು.

ಈಗ ಆ ಮೂಲೆಗೆ ಬರೋಣ. "ನಮ್ಮ ಫೈಲ್ ಸರಿ ಮಾಡಿಕೊಡಿ ಅಂತ ಜೀವ ತಿಂತಾರೆ" ಅಂತ ಒಂದೇ ಸಾಲಲ್ಲಿ ದೂರು ಹೇಳಿ ಮುಂದೆ ಹೋಗಿಬಿಟ್ಟಿದೀರಿ. ಅದು ಕಾಟ ಅಲ್ಲ ಮೇಡಂ, ಅವರೇ ನಿಮ್ಮ ಗಿರಾಕಿಗಳು. ಪಾಠ ಪುಕ್ಕಟೆ ಓದಿ, ನೀವು ಬಲ್ಲೋರು ಅಂತ ನಂಬಿ, ತಮ್ಮ ಲೆಕ್ಕದ ಫೈಲ್ ನಿಮ್ಮ ಕೈಗೆ ಕೊಡೋಕೆ ತಯಾರಾಗಿ ಬಂದಿದಾರೆ. ಎಕ್ಸೆಲ್‌ನ ಸೂತ್ರ ಎಲ್ಲಿ ಬೇಕಾದ್ರೂ ಸಿಗುತ್ತೆ, ಅವರ ಫೈಲ್‌ನ ಹದಿನೇಳನೇ ಕಾಲಮ್‌ನಲ್ಲಿ ಯಾಕೆ ತಪ್ಪು ಬರ್ತಿದೆ ಅಂತ ಕೂತು ನೋಡೋ ತಾಳ್ಮೆ ಎಲ್ಲೂ ಇಳಿಸ್ಕೊಳ್ಳೋಕೆ ಸಿಗಲ್ಲ. ನೀವು ಮಾಡ್ತಿರೋದು ಪೂರ್ತಿ ತಿರುಗುಮುರುಗು, ಎಷ್ಟು ಬೇಕಾದ್ರೂ ಕಾಪಿ ಆಗೋ ಪುಸ್ತಕಕ್ಕೆ ಬೆಲೆ ಕಟ್ಟೋದಾ ಬೇಡವಾ ಅಂತ ನಿದ್ದೆ ಕೆಡಿಸ್ಕೊಂಡು, ಒಂದೇ ಇರೋ ನಿಮ್ಮ ಸಂಜೇನ ಪುಕ್ಕಟೆ ಹಂಚ್ತಿದೀರಿ.

ನನ್ನ ಕೇಳಿದ್ರೆ ಮೊದಲ ಪುಸ್ತಕ ಈಗಿರೋ ಹಾಗೇ ತೆರೆದಿಡಿ, ಯಾರ ಹೆಸರೂ ಕೇಳಬೇಡಿ. ಎರಡನೇದು ಪುಕ್ಕಟೆನೇ ಇರ್ಲಿ, ಆದ್ರೆ ಈಮೇಲ್ ಕೊಟ್ಟೋರಿಗೆ, ಒಪ್ಪಿಗೆ ಕೇಳಿ, ಆ ಪಟ್ಟಿ ನಿಮ್ಮ ಹತ್ರಾನೇ ಇಟ್ಕೊಳ್ಳಿ. ಮೂರನೇದನ್ನ ಅಭ್ಯಾಸದ ಫೈಲ್‌ಗಳ ಜೊತೆ ಮಾರಿ. ಈಗಾಗ್ಲೇ ಪುಕ್ಕಟೆ ಇಳಿಸ್ಕೊಂಡೋರ ಬಗ್ಗೆ ತಲೆ ಕೆಡಿಸ್ಕೋಬೇಡಿ, ಅವರು ಹಂಚಿದ್ರೆ ಹಂಚ್ಲಿ. ಫೈಲ್ ನೋಡಿಕೊಡೋದಕ್ಕೆ ಇವತ್ತಿಂದಲೇ ಗಂಟೆ ಲೆಕ್ಕದಲ್ಲಿ ಫೀಸ್ ಹೇಳಿ, ಸಂಕೋಚ ಆಗುತ್ತೆ ಅಂತ ಗೊತ್ತು, ಮೊದಲ ಮೂರು ಜನಕ್ಕೆ ಹೇಳೋ ತನಕ ಆಗುತ್ತೆ. ಕೊಡೋಕೆ ಆಗದೇ ಇರೋ ವಿದ್ಯಾರ್ಥಿ ಯಾರಾದ್ರೂ ಬರೆದ್ರೆ ಅವರಿಗೆ ಸುಮ್ನೆ ಮಾಡಿಕೊಡಿ, ಆ ಸ್ವಾತಂತ್ರ್ಯ ನಿಮಗೆ ಇದ್ದೇ ಇದೆ.

ಹೋದ ತಿಂಗಳು ಫೈಲ್ ಕಳಿಸಿದೋರ ಈಮೇಲ್‌ಗಳು ನಿಮ್ಮ ಹತ್ರ ಇನ್ನೂ ಇರುತ್ತಲ್ವಾ? ಈ ವಾರ ಅವರಿಗೇ ಮೊದಲು ಬರೀರಿ. ಎಷ್ಟು ಜನ ಒಪ್ಪಿದ್ರು, ಎಷ್ಟು ಜನ ಉತ್ತರನೇ ಕೊಡ್ಲಿಲ್ಲ, ಎರಡನ್ನೂ ಬರೆದು ನನಗೆ ಕಳಿಸಿ, ನಾನು ಕಾಯ್ತಿರ್ತೀನಿ.

ಸಂಪಾದಕ