ಓದುಗರ ಪ್ರಶ್ನೆ: ಎರಡು ಕಂಪ್ಯೂಟರ್, 36 ಮಕ್ಕಳು

ಪ್ರಶ್ನೆ: ಐದನೇ ತರಗತಿಯಲ್ಲಿ 36 ಮಕ್ಕಳಿದ್ದಾರೆ, ಕಂಪ್ಯೂಟರ್ ಎರಡೇ. ನೆಟ್ ಇಲ್ಲ, ಕರೆಂಟ್ ನಂಬುವಂತಿಲ್ಲ. ಪ್ರೋಗ್ರಾಮಿಂಗ್ ಕಲಿಸಲು ಎಲ್ಲಿಂದ ಶುರು ಮಾಡಲಿ?
– ಶಿಕ್ಷಕಿ, ಸಿಂಧನೂರು ತಾಲ್ಲೂಕು

ಉತ್ತರ: ಶಾಲೆಯ ಅಂಗಳದಿಂದ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದರ ಮನೆಗಳನ್ನು ಬರೆದು, ಒಂದರಲ್ಲಿ ಚೆಂಡು, ಎರಡರಲ್ಲಿ ಅಡ್ಡಗಲ್ಲು ಇಡಿ. ಒಬ್ಬಳು ರೋಬೋ. ಉಳಿದವರು 'ಒಂದು ಮನೆ ಮುಂದೆ', 'ಎಡಕ್ಕೆ ತಿರುಗು', 'ಬಲಕ್ಕೆ ತಿರುಗು' ಎಂಬ ಚೀಟಿಗಳನ್ನು ಸಾಲಾಗಿ ಜೋಡಿಸಿ ಅವಳನ್ನು ಚೆಂಡಿಗೆ ಮುಟ್ಟಿಸಬೇಕು. ಎದುರು ನಿಂತವರು ತಮ್ಮ ಎಡವನ್ನೇ ಅವಳ ಎಡ ಅಂದುಕೊಳ್ಳುತ್ತಾರೆ. ಚೀಟಿ ಓದುವವರನ್ನು ಅವಳ ಬೆನ್ನಿಗೆ ನಿಲ್ಲಿಸಿ. 'ತಿರುಗು' ಅಂದರೆ ನಿಂತಲ್ಲೇ ತಿರುಗುವುದು, ಹೆಜ್ಜೆ ಇಡುವುದಲ್ಲ ಎಂದೂ ಮೊದಲೇ ಹೇಳಿ. ದಾರಿ ತಪ್ಪಿದರೆ ಇಡೀ ಸಾಲು ಕೆದರುವುದು ಬೇಡ, ತಪ್ಪಿದ ಚೀಟಿಯೊಂದನ್ನೇ ಹುಡುಕಿ ಬದಲಿಸಲಿ. ಪ್ರೋಗ್ರಾಮಿಂಗ್‌ನಲ್ಲಿ ಅರ್ಧ ಕೆಲಸ ಇದೇ.

ಒಳಗೆ, ಒಂದು ಕಂಪ್ಯೂಟರಿಗೆ ಮೂವರು: ಒಬ್ಬರಿಗೆ ಮೌಸ್, ಒಬ್ಬರು ಹೇಳುವವರು, ಒಬ್ಬರು ತಪ್ಪು ನೋಡುವವರು. 5 ನಿಮಿಷಕ್ಕೊಮ್ಮೆ ಜಾಗ ಬದಲಿಸಿ. 40 ನಿಮಿಷದ ಪೀರಿಯಡ್‌ನಲ್ಲಿ 12 ಮಕ್ಕಳ ಸರದಿ ಮುಗಿಯುತ್ತದೆ, ಮೂರು ಪೀರಿಯಡ್‌ಗೆ ಎಲ್ಲರದೂ. ಸೂಚನೆಯ ಬ್ಲಾಕ್‌ಗಳನ್ನು ಜೋಡಿಸಿ ಪ್ರೋಗ್ರಾಮ್ ಮಾಡುವ ಸ್ಕ್ರ್ಯಾಚ್ ತಂತ್ರಾಂಶದ ಆಫ್‌ಲೈನ್ ಆವೃತ್ತಿ ಉಚಿತ. ನೆಟ್ ಇರುವಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತನ್ನಿ. ಅದರಲ್ಲಿ ಮಕ್ಕಳು ನಡೆಸುವ ಬೆಕ್ಕಿನ ಚಿತ್ರ ಪರದೆಯ ಅಂಚಿಗೆ ಹೋಗಿ ಅಲ್ಲೇ ಉಳಿಯಿತು ಎಂಬ ದೂರು ಬಂದೇ ಬರುತ್ತದೆ. ಪ್ರೋಗ್ರಾಮ್ ಶುರು ಮಾಡುವ ಹಸಿರು ಬಾವುಟದ ಕೆಳಗೆ ಮೊದಲ ಬ್ಲಾಕ್ ಆಗಿ ಎಕ್ಸ್ 0, ವೈ 0ಕ್ಕೆ, ಅಂದರೆ ಪರದೆಯ ನಡುವಿಗೆ, ಹೋಗುವ ಸೂಚನೆ ಹಾಕಿಸಿ. ಬೆಕ್ಕು ನಡೆಯದೆ ಒಮ್ಮೆಲೇ ಜಿಗಿದಂತೆ ಕಂಡರೆ, ಹೆಜ್ಜೆಗಳ ನಡುವೆ ಒಂದು ಸೆಕೆಂಡ್ ಕಾಯುವ ಬ್ಲಾಕ್ ಸೇರಿಸಬೇಕು.

ಪ್ರಶ್ನೆ: ಅಪ್ಪ-ಅವ್ವ ಗುಳೆ ಹೋದ ಮನೆಗಳಲ್ಲಿ ಅಜ್ಜಿಯ ಫೋನ್ ನಡೆಸುವುದು ಮಕ್ಕಳೇ. 'ಅಪರಿಚಿತರ ಜೊತೆ ಮಾತಾಡಬೇಡಿ' ಎಂದರೆ ಸಾಕೇ?
– ಶಿಕ್ಷಕ, ಕುಷ್ಟಗಿ

ಉತ್ತರ: ಸಾಲದು. ದಿನಾ ಗೇಮ್‌ನಲ್ಲಿ ಜೊತೆಗೆ ಆಡುವವನು ಮಗುವಿಗೆ ಅಪರಿಚಿತನೇ ಅಲ್ಲ. ಅವನು ಏನು ಕೇಳುತ್ತಾನೆ ಎಂಬುದನ್ನು ಕಲಿಸಿ: ಫೋಟೋ, ಶಾಲೆಯ ಹೆಸರು, 'ಬೇರೆ ಆ್ಯಪ್‌ಗೆ ಬಾ', 'ಮನೆಯಲ್ಲಿ ಹೇಳಬೇಡ'. ಕೊನೆಯದು ಕೇಳಿದೊಡನೆ ದೊಡ್ಡವರಿಗೆ ಹೇಳಬೇಕು.

ಇಂಥ ಮನೆಗಳಲ್ಲಿ ಅದಕ್ಕಿಂತ ಮೊದಲು ಹಣದ ಪಾಠ ಆಗಲಿ. ನಮಗೆ ಹಣ ಬರಲು ಯುಪಿಐ ಪಿನ್ ಬೇಡ. ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಹೋಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಮದುವೆ ಕರೆಯೋಲೆ, ಟ್ರಾಫಿಕ್ ದಂಡ ಎಂದು ಬರುವ ಫೈಲಿನ ಹೆಸರು 'ಎಪಿಕೆ' ಎಂದು ಮುಗಿದರೆ ಮುಟ್ಟಬಾರದು. ಅದು ಆ್ಯಪ್. ಎಸ್ಎಂಎಸ್ ಓದಲು ಅನುಮತಿ ಪಡೆದು ಒಟಿಪಿ ಕದಿಯುತ್ತದೆ. ಒಬ್ಬರು ಬ್ಯಾಂಕಿನವರಾಗಿ, ಒಬ್ಬರು ಅಜ್ಜಿಯಾಗಿ ತರಗತಿಯಲ್ಲೇ ಫೋನ್ ಮಾತು ಆಡಿಸಿ.

ಹಣ ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ, ಮಗುವಿಗೆ ಬೆದರಿಕೆ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹೇಳಿದ ಮಗುವಿನ ಕೈಯಿಂದ ಫೋನ್ ಕಿತ್ತುಕೊಂಡರೆ ಮುಂದಿನ ಸಲ ಅದು ಬಾಯಿ ಬಿಡುವುದಿಲ್ಲ.

ಪ್ರಶ್ನೆ: ಕರೆಂಟ್ ಹೋಗಿ ಬಂದರೆ ಕಂಪ್ಯೂಟರಿನ ದಿನಾಂಕ ಹಳೆಯದಾಗುತ್ತದೆ, ವೆಬ್‌ಸೈಟ್‌ಗಳು ತೆರೆಯುವುದಿಲ್ಲ. ವೈರಸ್ಸೇ?
– ಮುಖ್ಯ ಶಿಕ್ಷಕ, ಸಿರುಗುಪ್ಪ

ಉತ್ತರ: ಸಾಮಾನ್ಯವಾಗಿ ಅಲ್ಲ. ಮದರ್‌ಬೋರ್ಡಿನ (ಕಂಪ್ಯೂಟರಿನೊಳಗಿನ ಮುಖ್ಯ ಫಲಕದ) ಗುಂಡಿಯಾಕಾರದ ಬ್ಯಾಟರಿ ಮುಗಿದಿದೆ. ಹೆಚ್ಚಿನ ಕಂಪ್ಯೂಟರುಗಳಿಗೆ ಸಿಆರ್ 2032 ಎಂಬ ಬ್ಯಾಟರಿ. ದಿನಾಂಕ ತಪ್ಪಿದ್ದರೆ ಬ್ರೌಸರ್ ಸೈಟಿನ ಭದ್ರತಾ ಪ್ರಮಾಣಪತ್ರವನ್ನು ಒಪ್ಪುವುದಿಲ್ಲ. ಪ್ಲಗ್ ಕಿತ್ತು ಬ್ಯಾಟರಿ ಬದಲಿಸಿ, ಪ್ಲಸ್ ಗುರುತು ಮೇಲೆ ಬರಲಿ, ಆಮೇಲೆ ದಿನಾಂಕ ಸರಿಪಡಿಸಿ. ಹಳೆಯ ಬ್ಯಾಟರಿ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಡುತ್ತದೆ.